ಪೊನ್ನಮ್ಮಾಳ್‌ಗೆ ಬಂದ ಫೋನು

ಹುದ್ದೆಯ ಹೆಸರು ಉದ್ದವಾಗುತ್ತಾ ಹೋದಂತೆ ಮಾಡುವ ಕೆಲಸ ಏನೆಂದು ಹೇಳುವುದು ಕಷ್ಟವಾಗುತ್ತದೆ. ತಮಿಳುನಾಡಿನ ಗಡಿಯೊಳಗಿರುವ, ಕನ್ನಡದ ಬಾಯಿಯ ತಾಳವಾಡಿಯ ಈ ಸಣ್ಣ ಆಸ್ಪತ್ರೆಗೆ ಸೇರಿದಾಗ ನಾನು ಬರೀ ರೆಕಾರ್ಡ್ ರೂಮಿನವಳು. ರೋಗಿ ಬಂದರೆ ಅವರ ಹಳೆಯ ಚೀಟಿಗಳ ಕಟ್ಟು ಹುಡುಕಿ ಡಾಕ್ಟರ ಮೇಜಿಗೆ ಮುಟ್ಟಿಸುವುದು, ಸಂಜೆ ತಂದು ಮತ್ತೆ ಅದರ ಜಾಗಕ್ಕೆ ಸೇರಿಸುವುದು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗ ನಾನು ದಾಖಲೆ ಮತ್ತು ಮಾಹಿತಿ ನಿರ್ವಹಣಾಧಿಕಾರಿ. ಬಾಗಿಲಿಗೆ ಬೋರ್ಡಿದೆ. ಒಳಗೆ ಒಂದು ಕಂಪ್ಯೂಟರು, ಖಾಲಿ ಕಬ್ಬಿಣದ ರ‍್ಯಾಕುಗಳು, ನಡುವೆ ನಾನು. ದೊಡ್ಡಗಾಜನೂರಿನ ನಮ್ಮ ಮನೆಯ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಅತ್ತೆ, "ಈಗೇನವ್ವ ನಿನ್ ಕೆಲ್ಸ?" ಎಂದು ಕೇಳುತ್ತಾರೆ. "ಮಾಹಿತಿ ನೋಡ್ಕೋತೀನತ್ತೆ" ಎನ್ನುತ್ತೇನೆ. "ಯಾಕೆ, ಅದೇನು ಓಡೋಯ್ತದಾ?" ಎನ್ನುತ್ತಾರೆ.

ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಮೂಟೆ ಕಟ್ಟಿ, ಎಲೆಕೋಸು ಸಾಗಿಸುವ ಲಾರಿಯಲ್ಲೇ ದಿಂಬಂ ಘಾಟಿ ಇಳಿಸಿ ಕೆಳಗಿನ ಹೆಡ್ಡಾಫೀಸಿಗೆ ಕಳಿಸಿದರು. ಲಾರಿ ಹೋದ ದಿನದಿಂದ ನನಗೆ ಸೀನು ನಿಂತಿತು. ಇಷ್ಟು ವರ್ಷ ಆ ಧೂಳನ್ನು ಬೈದುಕೊಂಡೇ ಬದುಕಿದವಳಿಗೆ ಸೀನಿಲ್ಲದ ಮಧ್ಯಾಹ್ನವನ್ನು ಕಳೆಯುವುದು ಹೇಗೆಂದು ತಿಳಿಯದೆ, ಖಾಲಿ ರ‍್ಯಾಕುಗಳನ್ನು ಒರೆಸುತ್ತಾ ಕೂರುತ್ತಿದ್ದೆ. ಕೊನೆಗೆ ಮೇಲಿನವರೇ ಮರುಕಪಟ್ಟು ಒಂದು ಕೆಲಸ ಕೊಟ್ಟರು. ಒಬ್ಬರೇ ಮನುಷ್ಯರು ಕಂಪ್ಯೂಟರಿನಲ್ಲಿ ಇಬ್ಬರಾಗಿ ಮೂವರಾಗಿ ಕೂತಿದ್ದರೆ ಅವರನ್ನು ಕೂಡಿಸಿ ಒಬ್ಬರನ್ನಾಗಿ ಮಾಡುವುದು.

ನಮ್ಮ ಕಡೆ ಇದು ಸಣ್ಣ ಕೆಲಸವಲ್ಲ. ನಮ್ಮವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಗುಮಟಾಪುರದ ಹೊನ್ನಮ್ಮನನ್ನೇ ನೋಡಿ. ಕನ್ನಡ ಬಲ್ಲ ನರ್ಸು ಬರೆದಾಗ ಆಕೆ ಹೊನ್ನಮ್ಮ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡ ದಿನ ಒನ್ನಮ್ಮ. ತಮಿಳಿನ ಗುಮಾಸ್ತೆ ಇದ್ದ ದಿನ ಪೊನ್ನಮ್ಮಾಳ್. ಆಕೆ ಹೋದ ವರ್ಷ ನಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಳು. ಆದರೆ ಸತ್ತವಳು ಹೊನ್ನಮ್ಮ ಮಾತ್ರ. ಒನ್ನಮ್ಮನೂ ಪೊನ್ನಮ್ಮಾಳೂ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇದ್ದರು.

ಇದು ತಿಳಿದದ್ದು ಆಕೆಯ ಗಂಡ ಮಾದಪ್ಪ ತಾತ ನನ್ನ ಕಿಟಕಿಗೆ ಬಂದಾಗ. ಟವೆಲಿನಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ನನ್ನ ಮುಂದಿಟ್ಟರು.

"ಅವ್ವಾ, ನಮ್ಮೋಳು ಓಗಿ ವರ್ಸಾಗ್ತಾ ಬಂತು. ನಿಮ್ಮೋರು ವಾರವಾರ ಪೋನ್ ಮಾಡಿ, ಪೊನ್ನಮ್ಮಾಳ್, ಸುಗರ್ ನೋಡ್ಬೇಕು, ಬಾ ಅಂತರೆ. ನಾನು ಏನಂತ ಯೋಳನವ್ವ?"

ಅದು ಯಂತ್ರದ ಫೋನು. ಒಬ್ಬ ಹುಡುಗಿಯ ದನಿ ತಮಿಳಿನಲ್ಲಿ ಹೆಸರು ಕೂಗಿ, ಮರೆಯದೆ ಬನ್ನಿ ಎಂದು ಇಟ್ಟುಬಿಡುತ್ತದೆ. ನಾನು ನಾಚಿಕೆಯಿಂದ ಕುಗ್ಗಿ, ಅವರನ್ನು ಕಳಿಸಿದವಳೇ ಮೂವರನ್ನೂ ಕೂಡಿಸಿದೆ. ಕೂಡಿಸಿ ನೋಡಿದರೆ ಹೊನ್ನಮ್ಮನೂ ಎದ್ದು ಕೂತಿದ್ದಳು! ಹೆಡ್ಡಾಫೀಸಿಗೆ ಫೋನು ಮಾಡಿದೆ. ಅಲ್ಲಿನ ಹುಡುಗ ತಮಿಳಿನಲ್ಲಿ ಶಾಂತವಾಗಿ ವಿವರಿಸಿದ: "ಮೇಡಂ, ಬದುಕಿದ್ದಾರೆ ಅಂತ ಎರಡು, ಸತ್ತಿದ್ದಾರೆ ಅಂತ ಒಂದು. ಸಿಸ್ಟಮ್ ಬಹುಮತ ನೋಡುತ್ತೆ." ಸಾವಿಗೆ ಬಹುಮತ ಬೇಕೆಂಬುದು ನನಗೆ ಗೊತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದರೆ, "ಸತ್ತೋರ್ನ ಬದುಕ್ಸೋದು ಡಾಕ್ಟ್ರ ಕೆಲ್ಸ ಅಂದ್ಕಂಡಿದ್ದಿ. ಅದ್ನೂ ನಿನ್ ತಲೆಗೇ ಕಟ್ಟುಬುಟ್ರಾ?" ಎಂದು ನಕ್ಕರು. ನನಗೂ ನಗು ಬಂತು.

ಸರಿಪಡಿಸಲು ಸತ್ತವರ ಮನೆಯವರೇ ಬಂದು, ಒಂದೊಂದು ಹೆಸರಿಗೂ ಬೇರೆ ಬೇರೆಯಾಗಿ, ಈಕೆ ಬದುಕಿಲ್ಲ ಎಂದು ಬರೆದುಕೊಡಬೇಕಂತೆ. ಮಾದಪ್ಪ ತಾತನನ್ನು ಮತ್ತೆ ಕರೆಸಿದೆ. ಗುಮಟಾಪುರದಿಂದ ಬಸ್ಸಿನಲ್ಲಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಮೊದಲ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದೆ. ಎರಡನೆಯದನ್ನು ಮುಂದಿಟ್ಟಾಗ ನನ್ನ ಮುಖ ನೋಡಿದರು.

"ಇನ್ನೊಂದ್ ಕಿತ ಯೋಳ್ಬೇಕಾ ಅವ್ವ?"

"ಹೆಸರು ಬೇರೆ ಇದೆಯಲ್ಲ ತಾತ, ಅದಕ್ಕೆ."

"ಸರಿ, ಬರ್ಕೋ. ಒನ್ನಮ್ಮನೂ ಓದ್ಲು. ಪೊನ್ನಮ್ಮಾಳೂ ಓದ್ಲು." ಬೆರಳಿನ ಶಾಯಿಯನ್ನು ಬಿಳಿ ಅಂಗಿಗೆ ತಾಗದಂತೆ ಗೋಡೆಗೆ ಒರೆಸಿ ಹೊರಟುಹೋದರು.

ಅಷ್ಟು ಹೊತ್ತಿಗೆ ನನ್ನ ಕೆಲಸ ಮುಗಿಯಿತು. ಹೆಡ್ಡಾಫೀಸಿನಿಂದ ಶಹಬ್ಬಾಸ್ ಎಂದು ಮೆಸೇಜು ಬಂತು. ಒಬ್ಬಳೇ ಹೆಂಗಸನ್ನು ಮೂರು ಸಲ ಮಣ್ಣು ಮಾಡಿಸಿದ್ದಕ್ಕೆ ಸಿಕ್ಕ ಶಹಬ್ಬಾಸ್‌ಗಿರಿಯನ್ನು ಯಾರಿಗೆ ತೋರಿಸಲಿ? ಅಳಿಸಿಹಾಕಿದೆ.

ತಿಂಗಳು ಕಳೆದಿರಬೇಕು, ಮಾದಪ್ಪ ತಾತ ಮತ್ತೆ ಕಿಟಕಿಯಲ್ಲಿ. ಇನ್ನೂ ಯಾವ ಹೆಸರಲ್ಲಿ ಆಕೆ ಉಳಿದುಕೊಂಡಿದ್ದಾಳೋ ಎಂದು ಕಂಪ್ಯೂಟರಿನ ಕಡೆ ತಿರುಗಿದೆ.

"ಮತ್ತೆ ಫೋನು ಬಂತಾ ತಾತ?"

"ಇಲ್ಲ ಕಣವ್ವ. ನಿಂತೋಯ್ತು. ಅದ್ನೇ ಕೇಳವ ಅಂತ ಬಂದಿ." ಟವೆಲಿನಿಂದ ಫೋನು ಬಿಚ್ಚಿ ಕಿಟಕಿಯ ಮೇಲಿಟ್ಟರು. "ಮನೇಲಿ ಮಗ, ಸೊಸೆ, ಮೊಮ್ಮಕ್ಳು ಎಲ್ಲಾ ಅವ್ರೆ. ಚೆನ್ನಾಗೇ ನೋಡ್ಕೊಂತರೆ. ನಾನು ಬ್ಯಾಸ್ರ ಮಾಡ್ಕಂಡೇನು ಅಂತ ಯಾರೂ ಅವಳೆಸ್ರ ಎತ್ತಕಿಲ್ಲ. ಎಸ್ರಿಡ್ದು ಕೂಗ್ತಿದ್ದುದು ಆ ಪೋನೊಂದೇಯ. ತಪ್ಪಾಗ್ ಕೂಗ್ತಿತ್ತು, ಕೂಗ್ಲಿ ಬುಡು. ಬಾ ಅಂತಿತ್ತಲ್ಲ."

ಹೆಡ್ಡಾಫೀಸಿನ ಹುಡುಗನನ್ನು ಕೇಳಿದೆ. ಮುಚ್ಚಿದ ದಾಖಲೆ ಮತ್ತೆ ತೆರೆಯುವುದಿಲ್ಲ ಎಂದ. ಬದುಕಿಸುವಾಗ ಕೇಳದೇ ಬದುಕಿಸಿದ ಯಂತ್ರ, ಈಗ ಅಂಗಲಾಚಿದರೂ ಒಪ್ಪಲಿಲ್ಲ.

ಹಾಗಾಗಿ ಪ್ರತಿ ಸೋಮವಾರ ಊಟವಾದ ಮೇಲೆ ನಾನೇ ನನ್ನ ಫೋನಿನಿಂದ ತಾತನಿಗೆ ಮಾಡತೊಡಗಿದೆ. "ಹೊನ್ನಮ್ಮನವರ ಮನೆಯಾ?" ಎಂದು ಹಕಾರವನ್ನು ಒತ್ತಿ ಕೇಳುತ್ತಿದ್ದೆ. ಅಷ್ಟಕ್ಕೇ ಬಿಡಬೇಕಲ್ಲ, ನಾನು ಬಿಡುವವಳಲ್ಲ. ಊಟ ಆಯ್ತಾ, ಮಂಡಿನೋವು ಹೇಗಿದೆ, ಆನೆ ಈ ಕಡೆ ಬಂದಿತ್ತಂತೆ, ಸೊಸೆ ತವರಿಗೆ ಹೋದಳಾ. ಮೂರು ನಾಲ್ಕು ವಾರ ಕೇಳಿಸಿಕೊಂಡ ಮಾದಪ್ಪ ತಾತ ಕೊನೆಗೆ ಮೆಲ್ಲಗೆ ಹೇಳಿದರು.

"ಅವ್ವಾ, ಬ್ಯಾಸ್ರ ಮಾಡ್ಕಬ್ಯಾಡ. ಮೊದ್ಲು ಮಾಡ್ತಿದ್ಲಲ್ಲ ಆ ಎಣ್ಣುಮಗ, ಅವ್ಳು ಎಸ್ರು ಕೂಗಿ, ಬಾ ಅಂದ್ಬುಟ್ಟು ಸುಮ್ಕೆ ಇಟ್ಬುಡೋಳು. ಆಮೇಕೆ ನಾನು ಸ್ವಲ್ಪ ಒತ್ತು ಕೂತ್ಕೊಂತಿದ್ದಿ. ನೀನು ಬಾಳ ಮಾತಾಡ್ತೀಯ."

ಈಗ ಸೋಮವಾರದ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು, ದಾಖಲೆ ಮತ್ತು ಮಾಹಿತಿ ನಿರ್ವಹಣಾಧಿಕಾರಿಯಾದ ನಾನು ಗಂಟಲು ಸರಿಮಾಡಿಕೊಂಡು, ತಮಿಳಿನಲ್ಲಿ, ಯಾವ ಏರಿಳಿತವೂ ಇಲ್ಲದಂತೆ, "ಪೊನ್ನಮ್ಮಾಳ್, ಮರೆಯದೆ ಬನ್ನಿ" ಎಂದು ಹೇಳಿ ಇಟ್ಟುಬಿಡುತ್ತೇನೆ. ಮೊನ್ನೆ ಅವರು ಔಷಧಿಗೆ ಬಂದಾಗ, ಫೋನು ಹೇಗೆ ಬರುತ್ತಿದೆ ತಾತ ಎಂದು ಕೇಳಿದೆ. ಪರವಾಗಿಲ್ಲವಂತೆ. ಆದರೂ ಆ ಹುಡುಗಿಯಷ್ಟು ನಾನಿನ್ನೂ ಪಳಗಿಲ್ಲವಂತೆ.