ತಟ್ಟೆ ಕಾಣೆಯಾಗುವ ಆಳ

ನಮ್ಮ ಅತ್ತೆಯನ್ನು ಕಳ್ಳಿ ಎಂದು ಕರೆಯುವ ಹಕ್ಕು ಈ ಚೆನ್ನೈ ಶಹರದಲ್ಲಿ ನನಗೊಬ್ಬನಿಗೇ ಇದೆ. ಏಕೆಂದರೆ ಅವರು ಕದ್ದ ತಟ್ಟೆಗಳೆಲ್ಲ ನನ್ನವು! ಅತ್ತೆ ಎಂದರೆ ಹೆಣ್ಣು ಕೊಟ್ಟ ಅತ್ತೆಯಲ್ಲ, ಅಪ್ಪನ ತಂಗಿ. ಇಂಥ ಕಳ್ಳರನ್ನು ಪೊಲೀಸರಿಗೆ ಹಿಡಿದುಕೊಡುವಂತಿಲ್ಲ, ಊಟ ಹಾಕದೆ ಇರುವಂತೆಯೂ ಇಲ್ಲ.

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಹೋಟೆಲಿದೆ. ಉಡುಪಿ ಕಡೆಯಿಂದ ಬಂದ ಅಜ್ಜ ಇಟ್ಟದ್ದು. ಅದರ ಮಹಡಿಯ ಮೇಲೆ ಅತ್ತೆಯ ವಾಸ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಉಳಿದವರ ಅತ್ತೆಯರು ದೇವಸ್ಥಾನ ಸುತ್ತುತ್ತಾರೆ. ನಮ್ಮ ಅತ್ತೆ ಕೆರೆ ಸುತ್ತುತ್ತಾರೆ. ಅದೂ ಎಂಥ ಕೆರೆ! ಊರಾಚೆ, ಬಡಾವಣೆಗಳ ಚರಂಡಿಯನ್ನೆಲ್ಲ ಕುಡಿದು ಕುಡಿದು ಕಪ್ಪಾಗಿ ನಾರುತ್ತಿದ್ದ ಕೆರೆ. ಅದನ್ನು ಪರೀಕ್ಷಿಸುವುದನ್ನೂ ಸರಿಪಡಿಸುವುದನ್ನೂ ಅಲ್ಲಿಯ ಕೆಲಸಗಾರರಿಗೇ ಕಲಿಸಬೇಕೆಂದು ಯಾರಿಗೋ ಒಳ್ಳೆಯ ಬುದ್ಧಿ ಬಂದು, ಕಲಿಸಲು ಅತ್ತೆಯನ್ನು ಕರೆದರು. ಪಂಪು ನಡೆಸುವವರು, ಚರಂಡಿ ಬಿಡಿಸುವವರು, ಕಸ ಎತ್ತುವವರು ಇವರ ಶಿಷ್ಯರು. ಪಾಸಾದವರ ಕೈಗೆ ಕೆರೆಯ ಉಸ್ತುವಾರಿ. ಫೇಲಾದವರು ಮತ್ತೆ ಚರಂಡಿಗೆ.

ಇದರಲ್ಲಿ ನನ್ನ ತಟ್ಟೆಗೇನು ಕೆಲಸ ಎನ್ನುತ್ತೀರಾ? ನಾನೂ ಅದನ್ನೇ ಕೇಳಿದೆ.

"ನೋಡು ಮಾಣಿ," ಎಂದರು ಅತ್ತೆ. ನನ್ನ ತಲೆ ಬೋಳಾದರೂ ಅವರಿಗೆ ನಾನು ಮಾಣಿಯೇ. "ತಟ್ಟೆಗೆ ಕಪ್ಪು ಬಿಳಿ ಬಣ್ಣ ಬಳಿಯೋದು. ನಡುವೆ ತೂತು ಮಾಡಿ ಹಗ್ಗ ಕಟ್ಟೋದು, ಕೆಳಗೆ ತೂಕಕ್ಕೊಂದು ಕಲ್ಲು. ನೀರಿಗೆ ಬಿಡ್ತಾ ಹೋಗೋದು. ಎಷ್ಟು ಆಳದಲ್ಲಿ ತಟ್ಟೆ ಕಾಣೆಯಾಗ್ತದೋ, ನೀರು ಅಷ್ಟು ತಿಳಿ ಉಂಟು ಅಂತ ಲೆಕ್ಕ."

"ಅಂಗಡಿಯಲ್ಲಿ ಸಿಗೋದಿಲ್ವಾ?"

"ಸಿಗ್ತದೆ. ಆದ್ರೆ ಅವರವರ ತಟ್ಟೆ ಅವರವರೇ ಮಾಡಿಕೊಂಡ್ರೆ ಅದರ ಮೇಲೆ ನಂಬಿಕೆ ಬರ್ತದೆ."

ನಂಬಿಕೆ ಅವರಿಗೆ, ತಟ್ಟೆ ನನ್ನದು! ಹಗ್ಗಕ್ಕೆ ಗೇಣಿಗೊಂದು ಗಂಟು. ಕೆರೆಗೆ ಮೊದಲ ಸಲ ಇಳಿಸಿದಾಗ ಮೊದಲ ಗಂಟು ಮುಳುಗುವ ಮೊದಲೇ ತಟ್ಟೆ ಮಾಯವಾಯಿತಂತೆ. ಅತ್ತೆ ಅದನ್ನು ಮಗುವಿಗೆ ಹಲ್ಲು ಬಂದಷ್ಟು ಸಂಭ್ರಮದಿಂದ ಹೇಳಿದರು.

ಒಂದು ಮಧ್ಯಾಹ್ನ ಹೀಗೆ ಬಣ್ಣ ಬಳಿದ ತಟ್ಟೆಯನ್ನು ಒಣಗಲೆಂದು ಅಡುಗೆಮನೆಯಲ್ಲಿಟ್ಟು ಅವರು ಮಹಡಿಗೆ ಹೋದರು. ಊಟದ ಹೊತ್ತಿನ ಗದ್ದಲ. ನಮ್ಮ ಸಪ್ಲೈಯರ್ ರಾಮಣ್ಣ ಅದನ್ನೇ ಎತ್ತಿಕೊಂಡು ಹೋಗಿ ಒಬ್ಬ ಬ್ಯಾಂಕಿನ ಅಧಿಕಾರಿಯ ಮುಂದಿಟ್ಟ. ಅವರು ಹೊಸ ವಿನ್ಯಾಸವನ್ನು ಮೆಚ್ಚಿಕೊಂಡು ಅನ್ನ ಹಾಕಿಸಿಕೊಂಡರು, ಹುಳಿ ಹಾಕಿಸಿಕೊಂಡರು. ಆಮೇಲೆ ರಸಂ ಬಂತು. ಅನ್ನ ಸರಿಸಿ ನಡುವೆ ಗುಳಿ ಮಾಡಿದ್ದೇ ತಡ, ತೂತು ತನ್ನ ಕೆಲಸ ಮಾಡಿತು.

"ರಸಂ ಯಾರಿಗೆ ಸಾರ್ ಬಡಿಸಿದ್ದು? ನನಗಾ, ನನ್ನ ಪ್ಯಾಂಟಿಗಾ?" ಎಂದು ಅವರು ಎದ್ದು ನಿಂತರು. ನಾನು ಕ್ಷಮೆ ಕೇಳುತ್ತಿದ್ದರೆ ಅತ್ತೆ ಮೆಟ್ಟಿಲಿಳಿದು ಬಂದು, ತಟ್ಟೆಯನ್ನು ತೊಳೆದು ನೋಡಿ, "ಬಣ್ಣ ಹೋಗ್ಲಿಲ್ಲ, ಒಳ್ಳೇ ಬಣ್ಣ!" ಎಂದು ಸಂತೋಷಪಟ್ಟರು.

ಇಂಥವರ ಪಾಠ ಹೇಗಿದ್ದೀತು? ಕುತೂಹಲ ತಡೆಯಲಾರದೆ ಒಂದು ದಿನ ಶಿಷ್ಯರಿಗೆಲ್ಲ ಮೊಸರನ್ನದ ಪೊಟ್ಟಣ ಕಟ್ಟಿಕೊಂಡು ನಾನೂ ಲೋಕಲ್ ಟ್ರೈನು ಹತ್ತಿದೆ. ಕೆರೆಯ ದಡ ತಲುಪಿದೊಡನೆ ಕರವಸ್ತ್ರ ಮೂಗಿಗೆ ಹೋಯಿತು. ಅತ್ತೆ ಅದನ್ನು ಕಿತ್ತುಕೊಂಡರು.

"ಕಾಯಿಲೆಯವರನ್ನು ನೋಡ್ಲಿಕ್ಕೆ ಹೋದಾಗ ಮೂಗು ಮುಚ್ತಾರಾ? ಅವರಿಗೆ ಹೇಗಾಗ್ತದೆ!"

ಇದು ಮೊದಲನೆಯ ನಿಯಮ. ಎರಡನೆಯದು, ಕೆರೆಯೆದುರು 'ಗಲೀಜು' ಎನ್ನಬಾರದು. ಎಲ್ಲಕ್ಕಿಂತ ದೊಡ್ಡ ನಿಯಮ, ಕಂಡದ್ದನ್ನು ಹೇಳಬೇಕು, ಕೇಳುವವರಿಗೆ ಇಷ್ಟವಾಗುವುದನ್ನಲ್ಲ. ಇದನ್ನು ಶಿಷ್ಯರು ಬೆಳಿಗ್ಗೆ ಪ್ರಾರ್ಥನೆಯ ಹಾಗೆ ತಮಿಳಿನಲ್ಲಿ ಒಟ್ಟಾಗಿ ಹೇಳಬೇಕು! ಅವರಲ್ಲಿ ಸೆಲ್ವಿ ಎಂಬ ಹೆಂಗಸಿನ ದನಿ ಎಲ್ಲರಿಗಿಂತ ಜೋರು. ಹಿಂದೆ ಚರಂಡಿ ನೀರಿನ ಪಂಪು ನಡೆಸುತ್ತಿದ್ದವಳು. ಆ ಸದ್ದಿನ ಮೇಲೆ ಮಾತಾಡಿ ಆಡಿ ಬಂದ ದನಿ.

ಆಟವಾಡುತ್ತಲೇ ಇವರು ಕೆಲಸವನ್ನೂ ಮಾಡಿದರು. ಯಾವ ಕೊಳವೆಯಿಂದ ಹೊಲಸು ಬರುತ್ತಿದೆಯೆಂದು ಹುಡುಕಿ ಬೇರೆ ಕಡೆ ತಿರುಗಿಸಿದರು. ನೀರನ್ನೇ ಮುಚ್ಚಿದ್ದ ಅಂತರಗಂಗೆಯ ಕಳೆಯನ್ನು ಎಳೆದು ಹಾಕಿದರು. ಅಂಚಿಗೆ ಜೊಂಡು ನೆಟ್ಟರು. ತಟ್ಟೆ ಎರಡನೆಯ ಗಂಟಿನವರೆಗೆ ಕಂಡ ದಿನ ಅತ್ತೆ ನನ್ನ ಹೋಟೆಲಿನಲ್ಲಿ ಎಲ್ಲರಿಗೂ ಕೇಸರಿಬಾತು ಹಂಚಿದರು. ನನ್ನನ್ನು ಕೇಳದೆ!

ಅಲ್ಲಿಂದಾಚೆಗೆ ಮಾತ್ರ ಅವರ ಸ್ವಭಾವ ಕೆಡತೊಡಗಿತು. "ಎಂತ ಮಾಣಿ, ಈ ಟ್ಯೂಬ್‌ಲೈಟಿಗೆ ಜೀವವೇ ಇಲ್ಲ" ಎಂದರು. ಹೊಸದು ಹಾಕಿಸಿದೆ. ಅದಕ್ಕೂ ಜೀವವಿಲ್ಲವಂತೆ. ಆಗಷ್ಟೇ ಬಳಿಸಿದ ಬಿಳಿ ಗೋಡೆ ಹಳದಿಯಾಗಿದೆ ಎಂದರು. ತಿಳಿಸಾರನ್ನು ನೋಡಿ, "ಇದ್ಯಾಕೆ ಹೀಗೆ ಕದಡಿ ಹೋಗಿದೆ?" ಎಂದು ರಾಮಣ್ಣನನ್ನು ಗದರಿದರು. ರಾಮಣ್ಣ ಕಂಬದ ಪಕ್ಕದಲ್ಲಿದ್ದ. ಅವರು ಗದರಿದ್ದು ಕಂಬವನ್ನು! ವಯಸ್ಸಾದ ಮೇಲೆ ಸಿಡುಕು ಸಹಜವೆಂದು ನಾವು ನಕ್ಕು ಸುಮ್ಮನಾದೆವು.

ಕೊನೆಗೆ ಒಂದು ಸಂಜೆ ಕೆರೆಯಿಂದ ಬಂದವರೇ ಕಾಫಿಯನ್ನೂ ಮುಟ್ಟದೆ ಕುಳಿತರು. "ನಾಳೆ ಎಲ್ಲರನ್ನೂ ಫೇಲ್ ಮಾಡ್ತೇನೆ" ಎಂದರು. "ಕೆರೆ ಇನ್ನೂ ಎರಡು ಗಂಟಿನಲ್ಲೇ ನಿಂತಿದೆ. ನಾನೇ ನೋಡಿದ್ದು. ಆ ಸೆಲ್ವಿ ಐದು ಅಂತಾಳೆ! ಉಳಿದವರೆಲ್ಲ ಅದಕ್ಕೇ ತಲೆ ಆಡಿಸ್ತಾರೆ. ನನಗೆ ಖುಷಿಯಾಗ್ಲಿ ಅಂತ ಸುಳ್ಳು. ಸುಳ್ಳು ಹೇಳುವವರ ಕೈಗೆ ಕೆರೆ ಕೊಡೋದು ಹೇಗೆ?"

"ಮೂರನೆಯವರು ಯಾರಾದ್ರೂ ನೋಡಲಿ" ಎಂದೆ.

"ಹೌದು, ನೀನೇ ಬಾ. ನಿಂಗೆ ಕೆರೆ ಬಗ್ಗೆ ಏನೂ ಗೊತ್ತಿಲ್ಲ. ಅಂಥವರೇ ಬೇಕು."

ಮರುದಿನ ನಾವು ಮೂವರೂ ಚಿಕ್ಕ ದೋಣಿಯಲ್ಲಿ ಕೆರೆಯ ನಡುವೆ ಹೋದೆವು. ಸೆಲ್ವಿಯ ಮುಖ ಬಾಡಿತ್ತು. ಅವಳು ತುಟಿ ಬಿಗಿದುಕೊಂಡು ಹಗ್ಗ ಬಿಡತೊಡಗಿದಳು. ಒಂದು ಗಂಟು ಹೋಯಿತು, ಎರಡು ಹೋಯಿತು.

"ಅಷ್ಟೇ," ಎಂದರು ಅತ್ತೆ. "ಕಾಣೆಯಾಯ್ತು."

ನಾನು ಬಗ್ಗಿ ನೋಡಿದೆ. ನನ್ನ ಹೋಟೆಲಿನ ತಟ್ಟೆ ಕೆಳಗೆ ಚೆನ್ನಾಗಿ ಕಾಣುತ್ತಿತ್ತು. ಬಿಳಿ ಬೇರೆ, ಕಪ್ಪು ಬೇರೆ. ಆಗ ಟ್ಯೂಬ್‌ಲೈಟು, ಗೋಡೆ, ಸಾರು, ಕಂಬ ಎಲ್ಲ ಒಟ್ಟಿಗೆ ನೆನಪಾದವು. ಹೌದು ಅತ್ತೆ, ಕಾಣೆಯಾಯಿತು ಎಂದುಬಿಡಲೇ? ಅವರಿಗೆ ನೋವಾಗುವುದು ತಪ್ಪುತ್ತಿತ್ತು. ಸೆಲ್ವಿ ನನ್ನನ್ನೇ ನೋಡುತ್ತಿದ್ದಳು.

"ಮಾಣಿ, ಕಂಡದ್ದು ಹೇಳು."

"ಕಾಣ್ತಾ ಉಂಟು ಅತ್ತೆ."

"ಈಗಲೂ?"

"ಈಗಲೂ."

ಹಗ್ಗ ಇಳಿಯುತ್ತಾ ಹೋಯಿತು. ಐದನೆಯ ಗಂಟು ನೀರು ಮುಟ್ಟಿದಾಗ ನಾನೂ ಸೆಲ್ವಿಯೂ ಒಟ್ಟಿಗೆ, "ಹೋಯ್ತು" ಎಂದೆವು, ಅವಳು ಅವಳ ಭಾಷೆಯಲ್ಲಿ, ನಾನು ನನ್ನದರಲ್ಲಿ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ದೂರದ ಜೊಂಡನ್ನು ನೋಡಿದರು. ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರು. ಪ್ರಯೋಗ ಮುಗಿಯಿತು.

"ಹಾಗಾದ್ರೆ ಕೆಟ್ಟದ್ದು ನನ್ನ ಕಣ್ಣು" ಎಂದರು.

"ಪೊರೆ ಇರಬೇಕು ಅತ್ತೆ, ಈಗ ಆಪರೇಷನ್ನು ಏನೇನೂ ಅಲ್ಲ..." ಎಂದು ನಾನು ಸಮಾಧಾನಕ್ಕೆ ತೊಡಗಿದೆ. ಅವರು ಕೇಳುತ್ತಲೇ ಇರಲಿಲ್ಲ. ಸೆಲ್ವಿಯ ಒದ್ದೆ ಕೈಯನ್ನು ಹಿಡಿದುಕೊಂಡಿದ್ದರು.

"ಬರೀ ಕಣ್ಣಾ! ಅಯ್ಯೋ ದೇವರೇ, ಬರೀ ಕಣ್ಣಾ ಕೆಟ್ಟದ್ದು! ನಾನು ಕೆರೆಯೇ ಹೋಯ್ತು ಅಂತ ಮಾಡಿದ್ದೆ ಮಾರಾಯ್ತಿ. ನಿಮಗೆಲ್ಲ ಸುಳ್ಳು ಹೇಳೋದು ಕಲಿಸಿದೆ ಅಂತ ಮಾಡಿದ್ದೆ."

ಅವರು ನಗುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಖುಷಿ ಮಿತಿಮೀರಿದರೆ ಅತ್ತೆಗೆ ತಮಿಳು ಮರೆತುಹೋಗುತ್ತದೆ. ಸೆಲ್ವಿ ಒಂದಕ್ಷರವೂ ಅರ್ಥವಾಗದೆ, ಟೀಚರಮ್ಮ ಹೇಳುತ್ತಿರುವುದೇನೆಂದು ಗಾಬರಿಯಿಂದ ನನ್ನನ್ನು ಕೇಳಿದಳು. "ಟೀಚರಮ್ಮಾ ಎನ್ನ ಸೊಲ್ರಾಂಗ ಸಾರ್?"

"ಪಾಸ್ ಅಂತೆ," ಎಂದೆ. "ನೀವೆಲ್ಲರೂ ಪಾಸ್."

ಅತ್ತೆ ಹಗ್ಗವನ್ನು ಮತ್ತೆ ಅವಳ ಕೈಗೆ ಕೊಟ್ಟು, ಈ ಸಲ ತಮಿಳಿನಲ್ಲೇ, ಇನ್ನೊಮ್ಮೆ ಬಿಡು ಎಂದರು, ನೋಡುವವಳು ನೀನು, ನಾನು ಕೇಳುತ್ತೇನೆ ಎಂದರು. ನನ್ನ ತಟ್ಟೆ ಮತ್ತೆ ನೀರಿಗಿಳಿಯಿತು. ಸೆಲ್ವಿ ಪಂಪಿನ ಸದ್ದನ್ನು ಮೀರಿಸುವ ದನಿಯಲ್ಲಿ ಒಂದೊಂದೇ ಗಂಟು ಕೂಗುತ್ತಾ ಹೋದಳು. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕುಳಿತರು.