ಮೂವತ್ತನೆಯ ಕವಚ

ಬೆಳಿಗ್ಗೆ ಹತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ ಒಂದು ಚಿತ್ರ ಬಂದು ಕಮ್ಮಾರನ ನೆಮ್ಮದಿ ಕೆಡಿಸಿತು. ಕಮ್ಮಾರ ಎಂಬುದು ಆಫೀಸಿನವರು ಇಟ್ಟ ಅಡ್ಡಹೆಸರು. ಅವನು ಸುತ್ತಿಗೆ ಹಿಡಿದದ್ದು ಒಮ್ಮೆ ಮಾತ್ರ, ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ ದಿನ. ಸಾವಿರಾರು ಜನ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕುಳಿತು ಒಟ್ಟಿಗೆ ಆಡುವ ಒಂದು ಯುದ್ಧದ ಆಟಕ್ಕೆ ಕವಚಗಳ ಚಿತ್ರ ಬರೆಯುವುದು ಅವನ ಕೆಲಸ. ಆ ಕೆಲಸಕ್ಕೆ ಇದ್ದವನು ಅವನೊಬ್ಬನೇ.

ಆಟಗಾರನೊಬ್ಬ ಕಳಿಸಿದ ಆ ಚಿತ್ರದಲ್ಲಿ ನಲವತ್ತು ವೀರರು ಡ್ರ್ಯಾಗನ್ ಎದುರು ಸಾಲಾಗಿ ನಿಂತಿದ್ದರು. ನಲವತ್ತು ಜನರಿಗೂ ಒಂದೇ ಥರದ ಬೂದು ಕವಚ. ಕೆಳಗೆ, "ಇದು ಸೈನ್ಯವೋ, ಬ್ಯಾಂಡ್ ಸೆಟ್ಟೋ?" ಎಂದು ಬರೆದಿತ್ತು. ಹತ್ತೂವರೆಯ ಹೊತ್ತಿಗೆ ಆಟ ಆಡದವರೂ ಅದನ್ನು ನೋಡಿ ನಗುತ್ತಿದ್ದರು.

ಮ್ಯಾನೇಜರ್ ಕರೆಸಿದ. ನಾಲ್ಕು ಗಂಟೆಯೊಳಗೆ ಮೂವತ್ತು ಹೊಸ ಕವಚಗಳು ಆಟಕ್ಕೆ ಸೇರಬೇಕು, ಇಲ್ಲದಿದ್ದರೆ ನಾಳೆಯಿಂದ ಕೊಟ್ಟಿರುವ ರಜೆ ರದ್ದು ಎಂದ. ಎರಡು ವರ್ಷ ಕಾಡಿ ಬೇಡಿ ಪಡೆದ ನಾಲ್ಕು ದಿನದ ರಜೆ ಅದು. ಸಮುದ್ರದ ದಂಡೆಯಲ್ಲಿ ಕೋಣೆ ಗೊತ್ತುಮಾಡಿ, ಹೆಂಡತಿ ಮನೆಯಲ್ಲಿ ಆಗಲೇ ಬ್ಯಾಗು ತುಂಬುತ್ತಿದ್ದಳು.

ಕಮ್ಮಾರ ವಿನಯದಿಂದಲೇ ಲೆಕ್ಕ ಹೇಳಿದ. ಆಟದಲ್ಲಿ ಆರು ಬಗೆಯ ಜನ. ಕೊಂಬಿನವರ ಶಿರಸ್ತ್ರಾಣಕ್ಕೆ ತೂತು ಬೇಕು, ಬಾಲದವರಿಗೆ ಹಿಂದೆ ಸೀಳು ಬೇಕು, ಕುಳ್ಳರಿಗೆ ಹಾಗೆಯೇ ತೊಡಿಸಿದರೆ ಎದೆಯ ಕವಚ ಮೊಣಕಾಲಿಗೆ ಬರುತ್ತದೆ. ಪ್ರತಿ ಬಗೆಯಲ್ಲೂ ಗಂಡು, ಹೆಣ್ಣು. ಮೂವತ್ತು ಎಂದರೆ ಮುನ್ನೂರ ಅರವತ್ತು.

"ಬರೆಯೋದು ಕಂಪ್ಯೂಟರ್ ತಾನೆ?" ಎಂದ ಮ್ಯಾನೇಜರ್. "ನೀವು ಪಕ್ಕದಲ್ಲಿ ಕೂತಿರೋದಷ್ಟೆ."

ಇನ್ನೊಂದು ಕೈಯಾದರೂ ಕೊಡಿ ಎಂದು ಕಮ್ಮಾರ ಕೇಳಿದ. ಮ್ಯಾನೇಜರ್ ಸರಿಯಾಗಿಯೇ ಕೈ ಕೊಟ್ಟ. ಸಹಾಯಕ್ಕೆಂದು ಅವನು ಕಳಿಸಿದ್ದು ಎರಡು ಬಾಯಿಗಳನ್ನು: ಆಟದ ಕತೆಗಾರ ಮತ್ತು ಜಾಹೀರಾತು ವಿಭಾಗದವಳು.

ಇಬ್ಬರೂ ಅವನ ಕುರ್ಚಿಯ ಎರಡು ಕಡೆ ನಿಂತರು. ಮೂರನೆಯ ಕವಚದ ಮೂಲ ಒಡೆಯ ಎಡಭುಜಕ್ಕೆ ಗದೆಯೇಟು ಬಿದ್ದು ಸತ್ತವನು, ಅಲ್ಲೊಂದು ತಗ್ಗು ಬೇಕೇ ಬೇಕು ಎಂದು ಕತೆಗಾರ ಹಟ ಹಿಡಿದ. ಕಮ್ಮಾರ ಹನ್ನೆರಡು ಅಳತೆಗಳಲ್ಲೂ ತಗ್ಗು ಮಾಡಿದ. ಜಾಹೀರಾತಿನವಳು ಆ ಭುಜವನ್ನೇ ದೊಡ್ಡದು ಮಾಡಲು ಹೇಳಿದಳು. ಇನ್ನೂ ದೊಡ್ಡದು, ಇನ್ನೂ ಸ್ವಲ್ಪ. ಪರೀಕ್ಷೆಗೆಂದು ತೊಡಿಸಿ ನೋಡಿದರೆ ವೀರ ಆಟದೊಳಗಿನ ಛತ್ರದ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡ. ಒಳಗಿದ್ದವರು ಹೊರಗೆ ಬರಲಾರರು, ಹೊರಗಿದ್ದವರು ಒಳಗೆ ಹೋಗಲಾರರು. ಭುಜ ಕತ್ತರಿಸುವುದರಲ್ಲಿ ಒಂದು ಗಂಟೆ ಹೋಯಿತು, ಜೊತೆಗೆ ಕತೆಗಾರನ ತಗ್ಗೂ ಹೋಯಿತು. ಕತೆಗಾರ ಮುನಿಸಿಕೊಂಡ.

ಅಷ್ಟರಲ್ಲಿ ಹೆಂಡತಿಯ ಫೋನು. "ಐದು ಶರ್ಟೂ ಒಂದೇ ನೀಲಿ ಚೌಕಳಿ. ಯಾವುದು ಒಗೆದಿದ್ದು, ಯಾವುದು ಬಿಚ್ಚಿಟ್ಟಿದ್ದು ಅಂತ ನಾನು ಮೂಸಿ ನೋಡ್ಬೇಕಾ?"

"ಐದೂ ಹಾಕಿಬಿಡು ಮಾರಾಯ್ತಿ," ಎಂದು ಕಮ್ಮಾರ ಹಸಿರು ಕವಚಕ್ಕೆ ಕೆಂಪು ಬಳಿದ. ಆಮೇಲೆ ಅದೇ ಕೆಂಪಿಗೆ ನೀಲಿ. ಹೀಗೆ ಬಣ್ಣ ತಿರುಗಿಸುತ್ತ, ಒಂದರ ತೋಳು ಇನ್ನೊಂದಕ್ಕೆ ಅಂಟಿಸುತ್ತ, ನಾಲ್ಕಕ್ಕೆ ಒಂದು ನಿಮಿಷವಿರುವಾಗ ಮೂವತ್ತನ್ನೂ ಕಳಿಸಿ ಕುರ್ಚಿಗೆ ಒರಗಿದ.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವನು ಆಟ ತೆರೆದು ನೋಡಿದ. ಮೂವತ್ತನೆಯ ಫೈಲು ಖಾಲಿಯಾಗಿಯೇ ಹೋಗಿತ್ತು. ಕವಚದೊಳಗೆ ಹೇಗೂ ಕಾಣುವುದಿಲ್ಲವೆಂದು ಮೈ ಬರೆಯುವ ಗೋಜಿಗೆ ಅವನು ಎಂದೂ ಹೋದವನಲ್ಲ. ಹಾಗಾಗಿ ಅದನ್ನು ತೊಟ್ಟವರಿಗೆ ಕತ್ತಿನ ಕೆಳಗೆ ಮೈಯೇ ಇರಲಿಲ್ಲ. ಒಂದು ತಲೆ, ಎರಡು ಅಂಗೈ, ಎರಡು ಪಾದ, ಗಾಳಿಯಲ್ಲಿ ತೇಲುತ್ತ ಡ್ರ್ಯಾಗನ್ ಮೇಲೆ ಏರಿ ಹೋಗುತ್ತಿದ್ದವು.

ತಪ್ಪೊಪ್ಪಿಕೊಳ್ಳಲು ಅವನು ಎದ್ದು ನಿಲ್ಲುವಷ್ಟರಲ್ಲಿ ಮ್ಯಾನೇಜರ್ ತಾನೇ ಬಂದ. ಮುಖ ಅರಳಿತ್ತು. ಆಟಗಾರರು ಇಪ್ಪತ್ತೊಂಬತ್ತನ್ನೂ ಕಣ್ಣೆತ್ತಿ ನೋಡದೆ ಎಲ್ಲರೂ ಮೂವತ್ತನೆಯದನ್ನೇ ತೊಟ್ಟಿದ್ದರಂತೆ. ಇಂಥದ್ದು ಎಲ್ಲೂ ಕಂಡಿಲ್ಲವೆಂದು ಹೊಗಳುತ್ತಿದ್ದರಂತೆ.

ನಿಜ ಹೇಳಲು ತೆರೆದ ಬಾಯಿಗೆ ಬೇರೆಯೇ ಮಾತು ಬಂತು. "ಬೇಕಂತಲೇ ಮಾಡಿದ್ದು ಸರ್. ಬಹಳ ದಿನದಿಂದ ತಲೇಲಿತ್ತು."

ಮ್ಯಾನೇಜರ್ ಬೆನ್ನು ತಟ್ಟಿ ಹೋದ. ಕಮ್ಮಾರ ಮೇಜು ಒರೆಸಿ, ಚೀಲ ಹೆಗಲಿಗೇರಿಸಿ, ಬಾಗಿಲವರೆಗೆ ಹೋಗಿದ್ದ. ಹಿಂದಿನಿಂದ ಮ್ಯಾನೇಜರ್ ಕೂಗಿದ. ಅದೃಶ್ಯ ಕವಚ ಎಲ್ಲರ ಮೈಮೇಲೂ ಒಂದೇ ಥರ ಇದೆಯೆಂದು ದೂರುಗಳು ಶುರುವಾಗಿದ್ದವು.

"ಬಹಳ ದಿನದಿಂದ ತಲೇಲಿತ್ತು ಅಂದ್ರಲ್ಲ, ಇನ್ನೂ ಮೂವತ್ತು ನಮೂನೆ ಮಾಡಿ. ಯಾವುದೂ ಕಾಣಬಾರದು, ಆದ್ರೆ ಒಂದರ ಥರ ಇನ್ನೊಂದು ಇರಬಾರದು. ರಜೆ ಆಮೇಲೆ ನೋಡೋಣ. ಬರೆಯೋಕೇನೂ ಇಲ್ವಲ್ಲ, ಸಹಾಯಕ್ಕೆ ಯಾರನ್ನೂ ಕಳಿಸಲ್ಲ."

ಕಮ್ಮಾರ ಚೀಲ ಕೆಳಗಿಟ್ಟ. ಹೆಂಡತಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಹೊಸ ಫೈಲೊಂದನ್ನು ತೆರೆದು, ಏನನ್ನೂ ಬರೆಯದೆ ಹಾಗೆಯೇ ಕಳಿಸಿದ. ಐದು ನಿಮಿಷದಲ್ಲಿ ಅದು ವಾಪಸು ಬಂತು. ಮೇಲೆ ಮ್ಯಾನೇಜರನ ಟಿಪ್ಪಣಿ: "ಪರವಾಗಿಲ್ಲ. ಭುಜ ಸ್ವಲ್ಪ ದೊಡ್ಡದಾಯ್ತು."