ಮೂರು ಗಂಟೆಯ ಇಂಟರ್‌ವ್ಯೂ, ಬಿಳಿ ಅಂಗಿ ಮತ್ತು ನಮ್ಮ ಭಾವ

ನಮ್ಮ ಭಾವ ಯಾರ ಮುಖವನ್ನೂ ಮೊದಲು ನೋಡುವುದಿಲ್ಲ. ಅವರ ಕಣ್ಣು ಹೋಗುವುದು ಅಂಗಿಯ ಎದೆಗೆ! "ಬೆಳಿಗ್ಗೆ ಉಪ್ಪಿಟ್ಟಾ? ತುಪ್ಪ ಸ್ವಲ್ಪ ಜಾಸ್ತಿಯಾಯ್ತು" ಎಂದೇ ಮಾತು ಶುರು. ಸಂಬಳ ಸಾಫ್ಟ್‌ವೇರಿನದು, ಧ್ಯಾನವೆಲ್ಲ ಕಲೆ ತೆಗೆಯುವುದರಲ್ಲಿ.

ಲಾಕ್‌ಡೌನ್ ಬಂದಾಗ ನಾನು ಐರ್ಲೆಂಡಿನ ಮೇನೂತಿನಲ್ಲಿದ್ದ ಬಾಡಿಗೆ ರೂಮು ಬಿಟ್ಟು, ಅಲ್ಲೇ ಹತ್ತಿರದ ಆಡಮ್ಸ್‌ಟೌನಿನ ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಊರೆಲ್ಲ ಟಾಯ್ಲೆಟ್ ಪೇಪರ್ ಪೇರಿಸುತ್ತಿದ್ದರೆ ನಮ್ಮ ಭಾವ ಪೇರಿಸಿದ್ದೇನು? ಸೋಪು, ಸೋಡಾ, ಬ್ಲೀಚ್, ವಿನಿಗರ್! ಒಮ್ಮೆ ವಿಡಿಯೋ ಮೀಟಿಂಗಿನಲ್ಲಿ ತಮ್ಮ ಮ್ಯಾನೇಜರಿಗೇ ಹೇಳಿಬಿಟ್ಟರು: "ನಿಮ್ಮ ಕಾಲರ್ ಮೇಲೆ ಕಾಫಿ ಇದೆ. ತಣ್ಣೀರಲ್ಲಿ ತೊಳೀರಿ." ಆ ಐರಿಷ್ ಮಹಾಶಯ "ಗ್ರ್ಯಾಂಡ್" ಅಂದ, ಅಂದರೆ ಅವರ ಭಾಷೆಯಲ್ಲಿ 'ಆಯ್ತು ಬಿಡಿ'. ಮರುದಿನದಿಂದ ಇಡೀ ಟೀಮಿನ ಕ್ಯಾಮೆರಾ ಆಫ್!

ಇಂಥವರ ಮನೆಯಲ್ಲಿ, ಮಧ್ಯಾಹ್ನ ಮೂರಕ್ಕೆ ವಿಡಿಯೋದಲ್ಲಿ ನನ್ನ ಮೊದಲ ಇಂಟರ್‌ವ್ಯೂ ಇದ್ದ ದಿನವೇ, ನನಗಿದ್ದ ಒಂದೇ ಬಿಳಿ ಅಂಗಿಯ ಮೇಲೆ ಒಂದು ಸೌಟು ಹುಳಿ ಚೆಲ್ಲಿಕೊಂಡೆ. ಭಾವನ ಕಣ್ಣು ಫಳಕ್ಕೆಂದಿತು.

"ಅರಿಶಿನ! ಬಿಚ್ಚೋ, ಬಿಚ್ಚು!"

"ರೀ, ಬೇರೆ ಅಂಗಿ ಹಾಕ್ಕೊಳ್ಳಲಿ ಬಿಡಿ" ಅಂದಳು ಅಕ್ಕ.

"ಇವನ ಹತ್ರ ಬೇರೆ ಯಾವುದಿದೆ? ಎಲ್ಲದರ ಮೇಲೂ ಹೋದ ವಾರದ ಅಡುಗೆ ಇದೆ!"

ಸೋಪು ಉಜ್ಜಿದರು. ಹಳದಿ ಕಲೆ ರಕ್ತಗೆಂಪಾಯಿತು! ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಆಗುವುದೂ ಅದೇ ತಾನೇ? ಅಕ್ಕ ಕೇಳಿದಳು, "ಈಗ ಇವನಿಗೆ ಆರತಿ ಎತ್ತಲಾ?"

ಅರಿಶಿನದ ಕಲೆಗೆ ಬಿಸಿಲೇ ಮದ್ದು. ಆದರೆ ಐರ್ಲೆಂಡಿನಲ್ಲಿ ಬಿಸಿಲು! ಭಾವ ಹ್ಯಾಂಗರ್ ಹಿಡಿದು ಹಿತ್ತಲ ತುಂಬ ಓಡಾಡಿದರು. ಬಿಸಿಲು ಬೇಲಿಯ ಮೇಲೆ ಒಂದು ನಿಮಿಷ ಕೂತು, ಪಕ್ಕದ ಮನೆಗೆ ಹೋಯಿತು. ಆಮೇಲೆ ಜಿಟಿಜಿಟಿ ಮಳೆ.

"ಎರಡೂವರೆಗೆ ಹಾಲಿನಂಥ ಅಂಗಿ ಕೊಡ್ತೀನಿ. ಬಾಗಿಲು ಬಡೀಬೇಡ" ಎಂದು ಕೆಳಗಿನ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡರು. ಬಕೆಟ್ಟಿಗೆ ಬ್ಲೀಚ್ ಸುರಿದರು. ಕೆಂಪು ಪೂರ್ತಿ ಹೋಗಲಿಲ್ಲ. ಆರತಿಯ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಯಾಗುವುದು ನೆನಪಾಯಿತಂತೆ. ನಿಂಬೆಹಣ್ಣು ಇರಲಿಲ್ಲ. ಅದೇ ಬಕೆಟ್ಟಿಗೆ ವಿನಿಗರ್ ಬಾಟಲಿ ಬಗ್ಗಿಸಿಬಿಟ್ಟರು.

ನಾನು ಹೊರಗೆ, ಕೈಯಲ್ಲಿ ಹೆಡ್‌ಫೋನ್ ಹಿಡಿದು ಕೂತಿದ್ದೆ. ಒಂದು ಕೆಮ್ಮು ಕೇಳಿಸಿತು.

"ಭಾವ, ಮೆಲ್ಲಗೆ! ಪಕ್ಕದ ಮನೆಯವರು ಕೋವಿಡ್ ಅಂದ್ಕೊಂಡಾರು!" ಎಂದು ನಗಾಡಿದೆ.

ಎರಡನೇ ಕೆಮ್ಮು. ಮೂರನೆಯದು. ಮಗ್ಗು ಉರುಳಿದ ಸದ್ದು. ಆಮೇಲೆ ಏನೂ ಇಲ್ಲ. ಬಾಗಿಲ ಸಂದಿಯಿಂದ ಬಂದ ಘಾಟಿಗೆ ಕಣ್ಣು ಉರಿಯಿತು. ಬಾಗಿಲಿಗೆ ಒದ್ದೆ. ಮೂರನೇ ಒದೆತಕ್ಕೆ ಚಿಲಕ ಕಿತ್ತುಬಂತು. ಭಾವ ಮಂಡಿಯೂರಿ ಕೂತಿದ್ದರು, ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಕೈ ಮಾತ್ರ ನನ್ನ ಅಂಗಿಯನ್ನು ಬಿಟ್ಟಿರಲಿಲ್ಲ. ಕಂಕುಳಿಗೆ ಕೈ ಹಾಕಿ ಹಿತ್ತಲಿಗೆ ಎಳೆದು ತಂದೆ. ಅಕ್ಕ ಅಳುತ್ತಲೇ ಆಂಬುಲೆನ್ಸಿಗೆ ಫೋನ್ ಮಾಡಿದಳು. ಮೈಯೆಲ್ಲ ಮುಚ್ಚಿಕೊಂಡು ಬಂದವರು ಆಕ್ಸಿಜನ್ ಇಟ್ಟರು. ಬಹಳ ಹೊತ್ತು ಪರೀಕ್ಷಿಸಿ, "ಬದುಕಿದಿರಿ. ಬ್ಲೀಚಿಗೆ ವಿನಿಗರ್ ಸೇರಿದರೆ ವಿಷಗಾಳಿ. ಆ ಎರಡು ಬಾಟಲಿ ಇನ್ನೆಂದೂ ಒಟ್ಟಿಗೆ ಬೇಡ" ಎಂದು ಎಚ್ಚರಿಸಿ ಹೋದರು. ಅಷ್ಟರಲ್ಲಿ ಮೂರು ಗಂಟೆ ಯಾವಾಗಲೋ ದಾಟಿತ್ತು.

ಆ ಮೊದಲ ಕೆಮ್ಮು ನನಗೆ ಈಗಲೂ ಕೇಳಿಸುತ್ತದೆ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡಿದ್ದರೆ? ನಾನು ನಕ್ಕೆನಲ್ಲ!

ಸಂಜೆ ಅಕ್ಕ ಗಂಜಿ ಮಾಡಿದಳು. ಭಾವನಿಗೆ ಚಮಚ ಎತ್ತುವ ಶಕ್ತಿಯಿರಲಿಲ್ಲ, ನಾನೇ ಕುಡಿಸಲು ಕೂತೆ. ಅವರು ತೊಟ್ಟಿದ್ದು ಒಗೆದು ಇಸ್ತ್ರಿ ಮಾಡಿದ ಅಂಗಿ. ಅದರ ಮೇಲೆ ಒಂದು ಹನಿಯೂ ಬೀಳದಿರಲೆಂದು ಗಲ್ಲದ ಕೆಳಗೆ ಟವೆಲ್ ಹಿಡಿದೆ. ಚಮಚ ಬಟ್ಟಲಿಗೆ ತಾಗಿ ಕಟಕಟ ಅನ್ನುತ್ತಿತ್ತು. ಭಾವ ಟವೆಲ್ಲನ್ನು ಪಕ್ಕಕ್ಕೆ ಸರಿಸಿ, ನನ್ನ ಮಣಿಕಟ್ಟು ಹಿಡಿದುಕೊಂಡರು.

"ನಿನ್ನ ಕೈ ಇನ್ನೂ ನಡುಗ್ತಾ ಇದೆಯಲ್ಲೋ" ಅಂದರು. "ಚೆಲ್ಲಿದ್ರೆ ಚೆಲ್ಲಲಿ ಬಿಡು. ಹಾಕು."